ಬಾಳವ್ವನ ಊರಿಗೆ ನಾನು ಕೊಟ್ಟ ಗುಡ್ಡ

ನಮ್ಮೂರಿನಿಂದ ಹೊರಗೆ ಹೋಗುವವರು ರೈಲಿನಲ್ಲೇ ಹೋಗಬೇಕು, ಆ ರೈಲು ಇರುವುದು ಸ್ಟೇಷನ್ ಹಾಲಿನ ಮೇಜಿನ ಮೇಲೆ. ಎಂಜಿನ್ನು ನನ್ನ ಅಂಗೈಗಿಂತ ತುಸು ಉದ್ದ, ಅದರ ಹಿಂದೆ ಕಡ್ಡಿಪೆಟ್ಟಿಗೆಯಂಥ ಡಬ್ಬಿಗಳು. ಮೇಜು ಮಾತ್ರ ದೊಡ್ಡದು. ಹಾಲಿನ ಮೂರು ಗೋಡೆಗಳಿಗೆ ಒತ್ತಿಕೊಂಡು ಸುತ್ತ ಬಂದಿದೆ. ಮೇಜಿನ ಹಿಂದೆ ಸಾಲಾಗಿ ನಿಲ್ಲಿಸಿದ ಹಲಗೆಗಳ ಮೇಲೆ ಊರುಗಳಿವೆ. ಆ ಊರುಗಳನ್ನು ಬರೆಯುವವನು ನಾನು. ಟಿಕೆಟು ಹಿಡಿದು ಬೆಂಚಿನ ಮೇಲೆ ಕೂತವರು, ರೈಲು ತಾವು ಇಳಿಯಬೇಕಾದ ಊರಿನ ಮುಂದೆ ನಿಂತಾಗ ಆ ಹಲಗೆಯನ್ನು ನೋಡುತ್ತಾರೆ. ನಾವು ಕಣ್ಣು ಮಿಟುಕಿಸುವಷ್ಟರಲ್ಲಿ ಬೆಂಚು ಖಾಲಿ. ಸಂಜೆ ರೈಲು ತಿರುಗಿ ಹೊರಟಿತೆಂದರೆ ಮತ್ತೆ ಅಲ್ಲೇ ಕೂತಿರುತ್ತಾರೆ, ಕಾಲಿಗೆ ಬೇರೆ ಊರಿನ ಧೂಳು, ತೊಡೆಯ ಮೇಲೆ ತುಂಬಿದ ಚೀಲ. ಬಂದವರೇ ಚಹಾ ಎಲ್ಲಿ ಎಂದು ಹುಡುಕುತ್ತಾರೆ.

ಪೇಟೆ, ದವಾಖಾನೆ, ಹೊಳೆದಂಡೆ, ಇವು ಮೂರು ಕಾಯಂ ಹಲಗೆಗಳು. ಮಂದಿ ದಿನಾ ಹೋಗಿ ಬರುತ್ತಾರೆ, ದಿನಾ ಒಂದಿಲ್ಲೊಂದು ದೂರು ತರುತ್ತಾರೆ. ದವಾಖಾನೆಯ ದಾರಿಯಲ್ಲಿ ಬಿಸಿಲು ಸುಡುತ್ತದೆ, ಒಂದು ಗಿಡವಾದರೂ ಬರಿ ಎಂದು ಬಸುರಿ ಹೆಂಗಸರು ಬೆನ್ನು ಹತ್ತಿದ್ದರು. ಬೇವಿನ ಗಿಡಗಳ ಒಂದು ಸಾಲು ಬರೆದೆ. ಅಂದಿನಿಂದ ಅವರು ಹೋಗುವುದು ಬೇರೆ ದವಾಖಾನೆಗೆ. ನೆರಳಿದೆ, ಔಷಧ ಅದೇ, ಡಾಕ್ಟರು ಮಾತ್ರ ಯಾರೋ ಹೊಸಬರು, ಸ್ವಲ್ಪ ಸಿಡುಕಿನವರು. ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಒಂದು ಗಿಡ ಹೆಚ್ಚು ಬರೆದರೆ ರೈಲು ಬೇರೆ ಊರಿಗೆ ಹೋಗುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿರಲಿಲ್ಲ ಎನ್ನುವಂತಿಲ್ಲ.

ನಮ್ಮಪ್ಪ ನಾಟಕ ಕಂಪನಿಗಳಿಗೆ ಪರದೆ ಬರೆಯುತ್ತಿದ್ದ. ಅರಮನೆ ಪರದೆ, ಕಾಡಿನ ಪರದೆ, ಬೀದಿ ಪರದೆ. ಪರದೆ ಮೇಲೇರಿದ ಕೂಡಲೇ, ನಟರು ಬರುವುದಕ್ಕೂ ಮೊದಲೇ, ಚಪ್ಪಾಳೆ ಬೀಳಬೇಕು. ಬೀಳದಿದ್ದರೆ ಅಪ್ಪ ಆ ದಿನ ಊಟ ಮಾಡುತ್ತಿರಲಿಲ್ಲ. ಹಿಂದೆ ಒಂದು ಗುಡ್ಡ ಇಲ್ಲದ ಪರದೆಯನ್ನು ಅವನು ಪರದೆಯೆಂದೇ ಕರೆಯುತ್ತಿರಲಿಲ್ಲ, ಬಟ್ಟೆ ಎನ್ನುತ್ತಿದ್ದ. ಕಂಪನಿಗಳು ಮುಚ್ಚಿದ ಮೇಲೆ ಅವನ ಕುಂಚಗಳೂ ಅವನ ಚಟವೂ ನನಗೆ ಬಂದವು. ರೈಲಿನ ಹಲಗೆಯ ಕೆಲಸ ಬೇರೆಯದು. ಬೆಂಚಿನ ಮೇಲೆ ಕೂತವರ ಕಣ್ಣಿನ ಮಟ್ಟಕ್ಕೆ ಬಾನಂಚು ಬರಬೇಕು. ದೂರದ್ದಕ್ಕೆ ಬಣ್ಣ ತೆಳುವಾಗಬೇಕು. ಮೇಜಿಗೂ ಹಲಗೆಗೂ ನಡುವಿನ ಸಂದಿಯನ್ನು ಹಸಿರು ಬಣ್ಣ ಹಾಕಿದ ಕಟ್ಟಿಗೆ ಪುಡಿಯಿಂದ ಮುಚ್ಚಬೇಕು. ಇದನ್ನೆಲ್ಲ ಕಲಿತೆ. ಚಪ್ಪಾಳೆಯ ಆಸೆ ಬಿಡುವುದನ್ನು ಮಾತ್ರ ಕಲಿಯಲಿಲ್ಲ.

ನಾಲ್ಕನೆಯದು ಕೇಳಿಕೆ ಹಲಗೆ. ತವರಿಗೆ ಹೋಗಬೇಕಾದವರು, ಮದುವೆಗೆ, ಬಾಣಂತನಕ್ಕೆ, ಸತ್ತವರ ಮಣ್ಣಿಗೆ ಹೋಗಬೇಕಾದವರು ಸರದಿ ಹಚ್ಚುತ್ತಾರೆ. ಸರದಿ ಬಂದವರು ನನ್ನ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ತಮ್ಮ ಊರನ್ನು ಹೇಳುತ್ತಾರೆ, ನಾನು ಬರೆಯುತ್ತೇನೆ. ಬಾವಿ ಎಡಕ್ಕೆ ಎಂದರೆ ಎಡಕ್ಕೆ ಸರಿಸುತ್ತೇನೆ. ಕಡೆಗೆ ಅವರು ಹೌದು ಎನ್ನಬೇಕು. ಅವರು ಹೌದು ಎಂದ ಮೇಲೆ ಸ್ಟೇಷನ್ ಮಾಸ್ತರ ಮಕ್ತುಂಸಾಬ್ ಟಿಕೆಟು ಹರಿದುಕೊಡುತ್ತಾನೆ. ಅಲ್ಲಿಂದ ಮುಂದೆ ನಾನು ಹಲಗೆಗೆ ಕುಂಚ ತಾಗಿಸಬಾರದು. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ, ಬರೆದಿಡುವ ಅಗತ್ಯವೇ ಯಾರಿಗೂ ಕಂಡಿರಲಿಲ್ಲ. ನಾನೂ ಬೇರೆಯವರಂತೆ ಎಲ್ಲಿಗಾದರೂ ಹೋಗಿ ಬರಬಹುದಲ್ಲ ಎಂದು ಹೊಸಬರು ಕೇಳುತ್ತಾರೆ. ಆಗುವುದಿಲ್ಲ. ಬರೆದವನ ಕಣ್ಣಿಗೆ ಅದು ಬಣ್ಣವೇ. ವಯಸ್ಸಿನಲ್ಲಿದ್ದಾಗ ಟಿಕೆಟು ಹಿಡಿದು ದಿನವಿಡೀ ಕೂತು ನೋಡಿದ್ದೇನೆ, ಸೊಂಟ ಹಿಡಿದದ್ದಷ್ಟೇ ಬಂತು.

ಈ ಬೇಸಿಗೆಯಲ್ಲಿ ಗಿರಣಿ ಬಾಳವ್ವನಿಗೆ ಸುದ್ದಿ ಬಂತು. ಪೇಟೆಗೆ ಹೋದ ಯಾರಿಗೋ ಅವಳ ಅಕ್ಕನ ಮಗ ಸಿಕ್ಕಿದ್ದನಂತೆ. ಅಕ್ಕ ಪಾರವ್ವ ಹಾಸಿಗೆ ಹಿಡಿದಿದ್ದಾಳೆ, ಅನ್ನ ಬಿಟ್ಟಿದ್ದಾಳೆ, ತಂಗಿ ಬಂದಳೇ ಎಂದು ಬಾಗಿಲ ಕಡೆ ನೋಡುತ್ತಾಳೆ, ಬೇಗ ಬಾ ಎಂದು ಹೇಳಿ ಕಳಿಸಿದ್ದ. ಬಾಳವ್ವನ ತಾಯಿ ಹೆರಿಗೆಯಲ್ಲೇ ತೀರಿಕೊಂಡವಳು. ಬಾಳವ್ವನನ್ನು ಟೊಂಕದ ಮೇಲೆ ಹೊತ್ತು ಬೆಳೆಸಿದ್ದು ಪಾರವ್ವನೇ, ಆಗ ಅವಳಿಗೂ ಲಂಗ ಉಡುವ ವಯಸ್ಸು. ಬಾಳವ್ವ ನಮ್ಮೂರಿಗೆ ಸೊಸೆಯಾಗಿ ಬಂದು, ಗಂಡ ಹೋದ ಮೇಲೆ ಹಿಟ್ಟಿನ ಗಿರಣಿ ನಡೆಸಿಕೊಂಡು, ತಲೆಕೂದಲು ನೆರೆತಿದ್ದೋ ಹಿಟ್ಟು ಕೂತಿದ್ದೋ ತಿಳಿಯದಂತೆ ಮುದುಕಿಯಾದವಳು. ತವರಿಗೆ ಹೋಗಿ ಎಷ್ಟೋ ಕಾಲವಾಗಿತ್ತು. ಪ್ರತಿಸಲ ಸರದಿ ಹಚ್ಚುತ್ತಿದ್ದಳು, ಪ್ರತಿಸಲ ಯಾರದೋ ಹೆಣ್ಣುಮಗಳ ಹೆರಿಗೆ ಬಂತೆಂದು ತನ್ನ ಸರದಿ ಬಿಟ್ಟುಕೊಡುತ್ತಿದ್ದಳು. ಹಾಗಾಗಿ ಈ ಸಲ ಸುದ್ದಿ ತಿಳಿದ ಕೂಡಲೇ ಸರದಿಯಲ್ಲಿದ್ದವರೆಲ್ಲ ತಾವಾಗಿಯೇ ಹಿಂದೆ ಸರಿದರು. ಮಗನ ನಿಶ್ಚಯಕ್ಕೆ ಹೋಗಬೇಕಿದ್ದವರು ಕೂಡ ಹುಡುಗಿಯ ಮನೆಯವರು ಕಾಯಲಿ ಬಿಡ್ರಿ ಎಂದರು.

ಬಾಳವ್ವ ಬಂದು ಸ್ಟೂಲಿನ ಮೇಲೆ ಕೂತಳು. ಊರು ಹೇಳುವಾಗ ಹೆಚ್ಚಿನವರು ಅಂಗಳದಿಂದ ಶುರುಮಾಡುತ್ತಾರೆ. ಇವಳು ಬಯಲಿನಿಂದ ಶುರುಮಾಡಿದಳು.

"ನಮ್ಮೂರಾಗ ಏನೂ ಇಲ್ಲೋ ತಮ್ಮಾ. ಬರೇ ಎರಿ ಹೊಲ. ಎತ್ತ ನೋಡಿದರೂ ನೆಲಕ್ಕ ಮುಗಿಲು ಹತ್ತಿರತೈತಿ. ಯಾರರ ಬರಾಕತ್ತರ ಒಂದು ತಾಸು ಮೊದಲ ಕಾಣಸ್ತಾರ. ಅಕ್ಕ ಕಟ್ಟಿ ಮ್ಯಾಲ ನಿಂತು ನೋಡಾಕಿ."

ಕಪ್ಪು ಹೊಲ ಬರೆದೆ. ಒಂದು ಬಂಡಿಜಾಡು ಬರೆದೆ. ಮಣ್ಣಿನ ಮಾಳಿಗೆ ಮನೆಗಳು, ಓಣಿಯ ಬಾಯಿಗೆ ಒಂದು ಬೇವು, ಅದರ ಬುಡಕ್ಕೆ ಕಲ್ಲಿನ ಕಟ್ಟೆ. ಅವಳು ಮುಂದಕ್ಕೆ ಬಾಗಿ, ಬೇವಿನ ಕೊಂಬೆ ಮಾಳಿಗೆಯ ಮೇಲೆ ಚಾಚಿದೆ ಎಂದಳು, ಚಾಚಿಸಿದೆ. ಅಕ್ಕನ ಮನೆ ಓಣಿಯಲ್ಲಿ ಕಡೆಯದು, ಬಾಗಿಲು ಹಸಿರು ಎಂದಳು, ಹಸಿರು ಹಚ್ಚಿದೆ. ಹಲಗೆಯ ಮೇಲರ್ಧ ಬರೀ ಆಕಾಶ. ಅವಳು ಬಹಳ ಹೊತ್ತು ನೋಡಿ, ಕಣ್ಣೊರೆಸಿಕೊಂಡು, ಹೌದು ಎಂದಳು. ಮಕ್ತುಂಸಾಬ್ ಬೆಳಗಿನ ಟಿಕೆಟು ಕೊಟ್ಟ. ಅಕ್ಕನಿಗೆ ಸಜ್ಜಕದ ಗೋಧಿ ರವೆ ಒಡೆದುಕೊಂಡು ಒಯ್ಯುತ್ತೇನೆ ಎಂದು ಅವಳು ಗಿರಣಿಗೆ ಹೋದಳು.

ನಾನು ಕುಂಚ ತೊಳೆಯುತ್ತ ಹಲಗೆಯನ್ನು ದೂರದಿಂದ ನೋಡಿದೆ. ಬೋಳು ಬೋಳಾಗಿತ್ತು. ಕೆಲಸಗಳ್ಳ ಬರೆದಂತೆ ಇತ್ತು. ಬೆಳಿಗ್ಗೆ ಊರಿಗೆ ಊರೇ ಬಾಳವ್ವನನ್ನು ಕಳಿಸಲು ಬರುತ್ತದೆ, ಎಲ್ಲರೂ ಇದನ್ನು ನೋಡುತ್ತಾರೆ, ಮೋನಪ್ಪನ ಕೈ ಸೋತಿತು ಎನ್ನುತ್ತಾರೆ. ತಟ್ಟೆಯಲ್ಲಿ ಆಕಾಶಕ್ಕೆ ಕಲಸಿದ ನೀಲಿ ಉಳಿದಿತ್ತು. ಅದಕ್ಕೆ ಒಂದು ಚೂರು ಕೆಂಪು ಸೇರಿಸಿ, ನೀರು ಹೆಚ್ಚು ಮಾಡಿ, ಬಾನಂಚಿನ ಮೇಲೆ ಒಂದು ಗುಡ್ಡ ಎಳೆದೆ. ಸಣ್ಣದು. ಎಷ್ಟು ತೆಳುವೆಂದರೆ ಇದೆಯೋ ಇಲ್ಲವೋ ಅನ್ನುವಂತೆ. ಒದ್ದೆ ಬಟ್ಟೆಯಿಂದ ಅದರ ಬುಡವನ್ನು ಮಂಜಿನಂತೆ ಒತ್ತಿದೆ. ಆ ಕ್ಷಣಕ್ಕೆ ಹಲಗೆಗೆ ಜೀವ ಬಂದ ಹಾಗಾಯಿತು, ಹೊಲ ದೂರಕ್ಕೆ ಸರಿಯಿತು, ಆಕಾಶ ಮೇಲೇರಿತು. ನಾನು ಸೀಟಿ ಹೊಡೆಯುತ್ತ ಮನೆಗೆ ಹೋದೆ. ಆ ಸೀಟಿಯನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಬೆಳಿಗ್ಗೆ ನಾನು ಬಯಸಿದ್ದು ಸಿಕ್ಕಿತು. ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಏನು ಗುಡ್ಡ, ಏನು ಗುಡ್ಡ, ನಿಮ್ಮಪ್ಪನ ಕೈಯೇ ಬಂದಿದೆ ಎಂದು ಒಬ್ಬರು ಬೆನ್ನು ತಟ್ಟಿದರು. ನಾನು ಏನೂ ಅಲ್ಲವೆನ್ನುವಂತೆ ನಿಂತಿದ್ದೆ. ಬಾಳವ್ವ ರವೆಯ ಗಂಟು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತವಳು ಹಲಗೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ತಮ್ಮಾ, ಅದೇನ ಹಿಂದ?"

"ಮೋಡ ಅಂತ ತಿಳಕೋ ಅಕ್ಕಾ," ಎಂದೆ.

ಸುತ್ತಲಿದ್ದವರು ನಕ್ಕರು. ಮಕ್ತುಂಸಾಬ್ ಮಾತ್ರ ನಗಲಿಲ್ಲ, ಆದರೆ ಅಷ್ಟರಲ್ಲಿ ಅವನು ಸ್ವಿಚ್ಚು ಒತ್ತಿಯಾಗಿತ್ತು. ಎಂಜಿನ್ನು ಪೇಟೆ ದಾಟಿತು, ದವಾಖಾನೆ ದಾಟಿತು, ಬಂಡಿಜಾಡಿನ ಪಕ್ಕದಲ್ಲಿ ನಿಂತಿತು. ಬೆಂಚಿನ ಮೇಲೆ ಬಾಳವ್ವ ಇರಲಿಲ್ಲ.

ಸಂಜೆ ಅವಳು ಬಂದಾಗ ಮಡಿಲಲ್ಲಿ ರವೆಯ ಗಂಟು ಇರಲಿಲ್ಲ. ಅಕ್ಕ ಹೇಗಿದ್ದಾಳೆ ಎಂದು ಎಲ್ಲರೂ ಒಟ್ಟಿಗೆ ಕೇಳಿದರು. ಅವಳು ನನ್ನನ್ನು ಹತ್ತಿರ ಕರೆದಳು. ಅದು ತಮ್ಮೂರಲ್ಲ ಎಂದಳು. ಓಣಿ ಹಾಗೇ ಇತ್ತಂತೆ, ಬೇವು ಮಾಳಿಗೆಯ ಮೇಲೆ ಚಾಚಿತ್ತಂತೆ, ಹಸಿರು ಬಾಗಿಲೂ ಇತ್ತು. ಒಳಗೆ ಹೊರಸಿನ ಮೇಲೆ ಒಬ್ಬ ಮುದುಕಿ ಮಲಗಿದ್ದಳು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ದುಡಿಯಲು ಹೋಗಿದ್ದರಂತೆ. ಮುದುಕಿಗೆ ಕಣ್ಣು ಅಷ್ಟಾಗಿ ಕಾಣುತ್ತಿರಲಿಲ್ಲ. ಬಾಗಿಲಲ್ಲಿ ನೆರಳು ಕಂಡ ಕೂಡಲೇ, ಬಂದ್ಯಾ ತಂಗಿ, ಎಂದು ಕೈ ಚಾಚಿದಳಂತೆ. ಬಾಳವ್ವ ಕೈ ಕೊಟ್ಟಳು. ಕೊಟ್ಟ ಕೈಯನ್ನು ಮುದುಕಿ ಸಂಜೆಯವರೆಗೆ ಬಿಡಲಿಲ್ಲ. ಮಗ್ಗುಲಲ್ಲೇ ಇದ್ದ ಒಲೆಯನ್ನು ಒಂದೇ ಕೈಯಲ್ಲಿ ಹೊತ್ತಿಸಿ, ಒಯ್ದ ರವೆಯಲ್ಲೇ ಗಂಜಿ ಕಾಯಿಸಿ ಕುಡಿಸಿದೆ ಎಂದಳು.

"ಅಕ್ಕನ ಮುಖ ಅಲ್ಲೋ ಅದು," ಎಂದಳು ಬಾಳವ್ವ. "ಮತ್ತ ಬರೂಮುಂದ ಹಿತ್ತಲಕ್ಕ ಹೋಗಿ ನೋಡಿದೆ, ಗುಡ್ಡ ಇತ್ತು. ನಮ್ಮೂರಾಗ ಗುಡ್ಡ ಇಲ್ಲ."

ಹಾಲಿನಲ್ಲಿ ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು. ಬೆಳಿಗ್ಗೆ ಬೆನ್ನು ತಟ್ಟಿದವರು ಅಲ್ಲೇ ಇದ್ದರು. ನಾನು ಆಗಲೇ, ಅಲ್ಲೇ, ತಪ್ಪು ನನ್ನದು ಎಂದಿದ್ದರೆ ಮರುದಿನ ಹಲಗೆಗೆ ಬಿಳಿ ಬಳಿದು, ಅದರ ಮರುದಿನ ಬರೆದು, ಅವಳನ್ನು ಕಳಿಸಬಹುದಿತ್ತು. ನನ್ನ ಬಾಯಿಂದ ಬಂದದ್ದು ಬೇರೆ.

"ಎಷ್ಟು ವರ್ಷ ಆತು ನೀ ಹೋಗಿ? ಜಡ್ಡಿನೊಳಗ ಮನಷ್ಯಾರ ಮುಖ ಬದಲಾಗತೈತಿ. ಊರು ಬದಲಾಗತಾವ. ನಿನಗ ನೆನಪಿಲ್ಲಕ್ಕಾ, ಅಷ್ಟ."

ಅವಳು ನನ್ನನ್ನೇ ನೋಡುತ್ತ ಕೂತಳು. ಸಿಟ್ಟು ಬರುತ್ತದೆ ಎಂದುಕೊಂಡೆ. ಬಂದಿದ್ದರೆ ಒಳ್ಳೆಯದಿತ್ತು. ಅವಳು ಯೋಚಿಸಿದಳು, ನಿಜವಾಗಿ ಯೋಚಿಸಿದಳು, ಆಮೇಲೆ, ಇರಬೇಕೇನೋ, ಎಂದು ಎದ್ದಳು. ಹೊಸ್ತಿಲ ಹತ್ತಿರ ನಿಂತು, ನನಗ ಮರವು ಬಂದೈತಿ ಕಾಣತೈತಿ, ಎಂದು ಪಕ್ಕದವಳಿಗೆ ಹೇಳಿದ್ದು ನನಗೂ ಕೇಳಿಸಿತು.

ಮುಂದಿನ ದಿನಗಳಲ್ಲಿ ನಾನು ಪೇಟೆಯ ಹಲಗೆಯ ಮಾಸಿದ ಅಂಗಡಿಗಳಿಗೆ ಬಣ್ಣ ಕೊಡುತ್ತ, ಕೇಳಿಕೆ ಹಲಗೆಗೆ ಬೆನ್ನು ಹಾಕಿ ಕೂತೆ. ನಿಶ್ಚಯದ ಮನೆಯವರು ತಮ್ಮ ಸರದಿ ಯಾವಾಗ ಎಂದು ಕೇಳಿದರೆ ಬಣ್ಣ ತರಿಸಬೇಕು ಎಂದು ತಳ್ಳಿದೆ. ಆ ಹಲಗೆಯನ್ನು ಬಿಳಿ ಮಾಡಲೂ ಕೈ ಬರಲಿಲ್ಲ, ಅದರ ಮುಂದೆ ನಿಲ್ಲಲೂ ಆಗಲಿಲ್ಲ. ಗುಡ್ಡ ಚೆನ್ನಾಗಿಯೇ ಇತ್ತು. ಅದೇ ಒಂದು ಕಷ್ಟ.

ನನ್ನ ಹೆಂಡತಿ ಕಸ್ತೂರಿ ಜೋಳ ಬೀಸಿಸಿಕೊಂಡು ಬಂದವಳು ಡಬ್ಬಿ ಕೆಳಗಿಟ್ಟು, ಬಾಳವ್ವಕ್ಕನಿಗೆ ಏನೋ ಆಗಿದೆ ಎಂದಳು. ಡಬ್ಬಿ ನಿಂದ ಹೌದಿಲ್ಲೋ ಎಂದು ಎರಡೆರಡು ಸಲ ಕೇಳಿದಳಂತೆ. ಜೋಳವೋ ಗೋಧಿಯೋ ಎಂದು ಮುಟ್ಟಿ ನೋಡಿ, ಮತ್ತೆ ಕೇಳಿ, ಆಮೇಲೆ ಹಾಕಿದಳಂತೆ. ಇಡೀ ಊರಿನ ಡಬ್ಬಿಗಳನ್ನು ಸಪ್ಪಳದಿಂದಲೇ ಗುರುತಿಸುತ್ತಿದ್ದ ಹೆಂಗಸು. ತನ್ನ ಮೇಲೆ ತನಗೇ ನಂಬಿಕೆ ಹೋಗಿದೆ, ತವರೂರೇ ಮರೆತವಳು ಇನ್ನೇನು ನೆನಪಿಟ್ಟೇನು ಎಂದು ಬಂದವರಿಗೆಲ್ಲ ನಗುತ್ತ ಹೇಳುತ್ತಾಳೆ, ಎಂದಳು ಕಸ್ತೂರಿ. ಆ ದಿನ ಆ ಹಿಟ್ಟಿನ ರೊಟ್ಟಿಯನ್ನು ಮುರಿಯದೆ ತಟ್ಟೆ ಸರಿಸಿದೆ. ಹೊಟ್ಟೆ ಸರಿಯಿಲ್ಲ ಎಂದೆ. ಹೆಂಡತಿಗೂ ಸುಳ್ಳು ಹೇಳಿದೆ ಎಂದು ಮತ್ತಷ್ಟು ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಮಕ್ತುಂಸಾಬ್ ಹಳಿಗಳನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸುತ್ತಿದ್ದ. ಅವನು ಮಾತಾಡುವುದು ಕಡಿಮೆ, ಹಳಿಗಳ ಜೊತೆ ಮಾತ್ರ ಗೊಣಗುತ್ತಿರುತ್ತಾನೆ. ಒರೆಸುತ್ತ ಒರೆಸುತ್ತ ಕೇಳಿಕೆ ಹಲಗೆಯ ಮುಂದೆ ಬಂದವನು ಅಲ್ಲೇ ನಿಂತ.

"ಅಕಿ ಹೌದು ಅಂದಾಗ ಇದು ಇರಲಿಲ್ಲ, ಮೋನಪ್ಪ."

"ಗೊತ್ತೈತಿ ಚಾಚಾ."

"ಹಂಗಾರ ಅಕಿಗೆ ಹೇಳು. ನಾ ಹೇಳಂಗಿಲ್ಲ."

ಗಿರಣಿಗೆ ಹೋದೆ. ಬೆಲ್ಟು ಓಡುತ್ತಿತ್ತು, ಆ ಸದ್ದಿನಲ್ಲಿ ನಾನು ಹೇಳಿದ್ದು ಮೊದಲ ಸಲ ಅವಳಿಗೆ ಕೇಳಿಸಲಿಲ್ಲ. ಗಿರಣಿ ನಿಲ್ಲಿಸಿದಳು. ಹಿಟ್ಟಿಗೆ ಬಂದ ಹೆಂಗಸರು ಸಾಲಾಗಿ ನಿಂತಿದ್ದರು, ಅವರ ಎದುರಿಗೇ ಎರಡನೆಯ ಸಲ ಹೇಳಬೇಕಾಯಿತು. ಗುಡ್ಡ ನೀನು ಹೇಳಿದ್ದಲ್ಲ, ನೀನು ಹೋದ ಮೇಲೆ ನಾನು ಬರೆದದ್ದು, ಚಂದ ಕಾಣಲಿ ಎಂದು ಬರೆದೆ, ನಿನಗೆ ಮರೆವು ಬಂದಿಲ್ಲ, ಊರು ತಪ್ಪಿಸಿದ್ದು ನಾನು ಎಂದೆ. ಬಾಳವ್ವ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಅವಳ ಮುಖದಲ್ಲಿ ಮೊದಲು ಬಂದದ್ದು ಸಮಾಧಾನ. ತನ್ನ ತಲೆ ಸರಿಯಿದೆ ಎಂಬ ಸಮಾಧಾನ. ಅದನ್ನು ನೋಡಲಾಗದೆ ನಾನು ಬೇರೆ ಕಡೆ ನೋಡಿದೆ. ಆಮೇಲೆ ಅವಳು ಒಂದೇ ಮಾತು ಕೇಳಿದಳು, ಮತ್ತೆ ಬರೆಯಲು ಎಷ್ಟು ಹೊತ್ತು ಬೇಕು ಎಂದು.

ಆ ದಿನವೇ ಹಲಗೆಗೆ ಬಿಳಿ ಬಳಿದೆ. ಒಣಗಲೆಂದು ಬಿಸಿಲಿಗಿಟ್ಟು ಅದರ ಪಕ್ಕದಲ್ಲೇ ಕಾದು ಕೂತೆ. ಬರೆಯುವಾಗ ಅವಳು ಸ್ಟೂಲಿನ ಮೇಲೆ ಕೂತಿದ್ದಳು, ನಾನು ಕುಂಚ ಅದ್ದಿದಾಗಲೆಲ್ಲ ಯಾವ ಬಣ್ಣ ಎಂದು ಬಾಗಿ ನೋಡುತ್ತಿದ್ದಳು. ನೋಡಲಿ ಎಂದೇ ತಟ್ಟೆಯನ್ನು ಅವಳ ಕಡೆ ಸರಿಸಿದೆ. ಬಯಲು ಬಯಲಾಗಿಯೇ ಬಂತು. ಕಳಿಸಲು ಈ ಸಲ ಹೆಚ್ಚು ಮಂದಿ ಬರಲಿಲ್ಲ. ನನಗೆ ಮುಜುಗರವಾಗಬಾರದು ಎಂದು ಬಾರದೇ ಇದ್ದರು ಎಂಬುದು ಆಮೇಲೆ ತಿಳಿಯಿತು. ನನಗೆ ಒಂದು ಬೈಗುಳ ಬಂದಿದ್ದರೂ ಎದುರು ನಿಂತು ತಿನ್ನುತ್ತಿದ್ದೆ. ಈ ಊರಿನ ಮಂದಿ ಅದನ್ನೂ ಕೊಡಲಿಲ್ಲ. ಬಾಳವ್ವ ಒಬ್ಬಳೇ ಹೋಗುವುದು ಬೇಡವೆಂದು ಕಸ್ತೂರಿ ಜೊತೆಗೆ ಟಿಕೆಟು ತೆಗೆದುಕೊಂಡಳು.

ಸಂಜೆ ಇಬ್ಬರೂ ಬೆಂಚಿನ ಮೇಲೆ ಬಂದು ಕೂತಾಗ ಬಾಳವ್ವನ ಮಡಿಲಲ್ಲಿ ರವೆಯ ಗಂಟು ಕಟ್ಟಿದ್ದು ಕಟ್ಟಿದ ಹಾಗೇ ಇತ್ತು. ಮುಗದೈತಿ, ಎಂದಷ್ಟೇ ಹೇಳಿ ಅವಳು ಮನೆಗೆ ನಡೆದಳು. ಉಳಿದದ್ದನ್ನು ಕಸ್ತೂರಿ ಮನೆಗೆ ಬಂದ ಮೇಲೆ, ಮುಖಕ್ಕೆ ನೀರು ಹಾಕಿಕೊಂಡು, ನನ್ನೆದುರು ಕೂತು ಹೇಳಿದಳು. ಪಾರವ್ವ ಮೊನ್ನೆಯ ಅಮಾವಾಸ್ಯೆಯವರೆಗೆ ಉಸಿರು ಹಿಡಿದಿದ್ದಳಂತೆ. ಅಂದರೆ, ಊರುಗಳು ಬದಲಾಗುತ್ತವೆ ಎಂದು ನಾನು ಹಾಲಿನಲ್ಲಿ ನಿಂತು ಹೇಳಿದಾಗಲೂ ಅವಳು ಬದುಕಿದ್ದಳು. ಪೇಟೆಯ ಅಂಗಡಿಗಳಿಗೆ ನಾನು ಬಣ್ಣ ಕೊಡುತ್ತಿದ್ದಾಗಲೂ ಬದುಕಿದ್ದಳು. ಹೊರಸನ್ನು ಕಟ್ಟೆಯ ಮೇಲೆ ಹಾಕಿಸಿಕೊಂಡು, ಬಯಲಿನ ಕಡೆ ಮುಖ ಮಾಡಿ ಮಲಗುತ್ತಿದ್ದಳಂತೆ.

ಅಕ್ಕನ ಮಗ ಬಾಗಿಲಲ್ಲೇ ತಡೆದು ನಿಲ್ಲಿಸಿ ಕೇಳಿದ್ದ, ಹೇಳಿ ಕಳಿಸಿದ ಮೇಲೂ ಇಷ್ಟು ದಿನ ಯಾಕೆ ಬರಲಿಲ್ಲ ಎಂದು. ಸತ್ತ ಮನೆಯ ಮಂದಿಯೆಲ್ಲ ನೆರೆದಿದ್ದರು. ಇನ್ನೇನು ನನ್ನ ಹೆಸರು ಬರುತ್ತದೆ ಎಂದು ಕಸ್ತೂರಿ ತಲೆ ತಗ್ಗಿಸಿ ನಿಂತಳಂತೆ.

"ಬಾಳವ್ವಕ್ಕ ಏನಂದ್ಲು ಗೊತ್ತೈತೇನು?" ಎಂದಳು ಕಸ್ತೂರಿ. "ಗಿರಣಿ ಬೆಲ್ಟ ಹರದಿತ್ತಪಾ, ಬಿಟ್ಟು ಬರಾಕ ಆಗಲಿಲ್ಲ ಅಂದ್ಲು. ಅಂವ ಅಂದ, ನಮ್ಮವ್ವನಕಿಂತ ನಿನಗ ಹಿಟ್ಟು ದೊಡ್ಡದಾತೇನ ಚಿಗವ್ವ ಅಂತ. ಹ್ಞೂಂ ಅಂತ ನಿಂತ್ಲು. ನಾ ಬಾಜೂಕ ಇದ್ದೆ, ನನ್ನ ಬಾಯಿ ಏಳಲಿಲ್ಲ. ನಿಮ್ಮ ಸಲುವಾಗಿ ಏಳಲಿಲ್ಲ."

ಅವಳು ಅತ್ತಳು. ಬಾಳವ್ವ ಬೈದಿದ್ದರೆ, ಊರೆದುರು ಉಗಿದಿದ್ದರೆ, ಹಲಗೆಯನ್ನು ಕಿತ್ತು ಎಸೆದಿದ್ದರೆ ನಾನು ಹೇಗಾದರೂ ತಲೆ ಎತ್ತುತ್ತಿದ್ದೆನೋ ಏನೋ. ಅವಳು ನನ್ನ ತಪ್ಪನ್ನು ತನ್ನ ಗಿರಣಿಯ ಮೇಲೆ ಹಾಕಿಕೊಂಡು ಬಂದಿದ್ದಳು. ಸಾಕಿದ ಅಕ್ಕನ ಮನೆಯಲ್ಲಿ ಇನ್ನು ಮೇಲೆ ಅವಳು ಹಿಟ್ಟಿನ ಆಸೆಗೆ ಅಕ್ಕನನ್ನು ಬಿಟ್ಟವಳು. ಅಲ್ಲಿಗೆ ಹೋಗಿ ಸುಳ್ಳೆಂದು ಹೇಳೋಣವೆಂದರೆ ನನ್ನ ಕಾಲಿಗೆ ಆ ಊರೇ ಇಲ್ಲ.

ಪಾರವ್ವನ ದಿನಕರ್ಮಗಳೆಲ್ಲ ಕಳೆದ ಮೇಲೆ ಒಂದು ಮಧ್ಯಾಹ್ನ, ಗಿರಣಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಹೋದೆ. ಬಾಳವ್ವ ಬೀಸುವ ಕಲ್ಲು ಬಿಚ್ಚಿ ಕೆಳಗಿಟ್ಟು, ನುಣುಪಾದ ಮೈಗೆ ಉಳಿಯಿಂದ ಮುಳ್ಳು ಹಾಕುತ್ತಿದ್ದಳು. ಪೇಟೆಗೆ ಹೋಗುವ ಯಾರ ಕೈಲಾದರೂ ನಿನ್ನ ಅಕ್ಕನ ಮಗನಿಗೆ ನಿಜ ಹೇಳಿ ಕಳಿಸುತ್ತೇನೆ, ಬೆಲ್ಟು ಹರಿದಿರಲಿಲ್ಲ, ಪೇಂಟರು ಊರು ತಪ್ಪಿಸಿದ ಎಂದು ಹೇಳಿಸುತ್ತೇನೆ ಎಂದೆ. ಅವಳು ಉಳಿ ನಿಲ್ಲಿಸಲಿಲ್ಲ.

"ಬ್ಯಾಡ," ಎಂದಳು. "ಅಕ್ಕ ದಾರಿ ನೋಡಾಕತ್ತಾಗ ತಂಗಿ ಯಾವುದೋ ಊರಾಗ ಯಾರದೋ ಕೈ ಹಿಡಕೊಂಡು ಕುಂತಿದ್ಲು ಅಂತ ಅವರಿಗೆ ಗೊತ್ತಾಗೋದು ಬ್ಯಾಡ. ಬೆಲ್ಟ ಹರದಿದ್ದ ಛಲೋ."

ಕಲ್ಲಿನ ಪುಡಿಯನ್ನು ಕೈಯಿಂದ ಒರೆಸಿದಳು. ಆಮೇಲೆ ಅವಳು ತಲೆ ಎತ್ತಿ, ಮತ್ತೊಂದು ಕೆಲಸವಿದೆ, ಮಾಡುತ್ತೀಯಾ ಎಂದು ಕೇಳಿದಳು. ಏನು ಹೇಳಿದರೂ ಮಾಡುತ್ತೇನೆ ಎಂದೆ.

"ಆ ಗುಡ್ಡ ತಿರಗಿ ಬರಿ."

ನಾನು ತಪ್ಪಾಗಿ ಕೇಳಿಸಿಕೊಂಡೆನೇನೋ ಎಂದು ಅವಳ ಕಡೆ ಬಾಗಿದೆ. ಅವಳು ಹೇಳಿದಳು, ಅಂದು ಸಂಜೆ ರೈಲು ಹೊರಡುವ ಹೊತ್ತಿಗೆ ಆ ಮುದುಕಿ ಕೈ ಬಿಡಲಿಲ್ಲವಂತೆ. ಮತ್ತೆ ಬರುತ್ತೇನೆ ಎಂದು ಹೇಳಿ, ಒಂದೊಂದೇ ಬೆರಳು ಬಿಡಿಸಿಕೊಂಡು ಬಂದಿದ್ದಳು. ಒಬ್ಬಳ ಹತ್ತಿರವಂತೂ ಹೊತ್ತಿಗೆ ಹೋಗಿ ಮುಟ್ಟಲಿಲ್ಲ, ಇನ್ನೊಬ್ಬಳಿಗೂ ಸುಳ್ಳಾಡಿದಂತಾಗಬಾರದು ಎಂದಳು.

ನಿಶ್ಚಯದ ಮನೆಯವರು ಇನ್ನೊಮ್ಮೆ ಹಿಂದೆ ಸರಿದರು. ಅವರು ಏನೂ ಕೇಳಲಿಲ್ಲ, ನಾನೇ ಅವರ ಮನೆಗೆ ಹೋಗಿ ಕೈ ಮುಗಿದು ಬಂದೆ. ದಿನಕರ್ಮಗಳ ಸಲುವಾಗಿ ಬಿಟ್ಟಿದ್ದ ಬಯಲಿನ ಹಲಗೆ ಇನ್ನೂ ಹಾಗೇ ಇತ್ತು, ಗುಡ್ಡವೊಂದನ್ನು ಸೇರಿಸಿದರೆ ಆಯಿತು. ಸುಲಭ ಎಂದುಕೊಂಡಿದ್ದೆ. ತಟ್ಟೆಯಲ್ಲಿ ನೀಲಿ ಕಲಸಿ, ಕೆಂಪು ಸೇರಿಸಿ, ಕುಂಚ ಎತ್ತಿದವನಿಗೆ ಆ ಗುಡ್ಡ ಹೇಗಿತ್ತೆಂದು ನೆನಪೇ ಆಗಲಿಲ್ಲ. ಉಳಿದ ಬಣ್ಣದಲ್ಲಿ, ಚಪ್ಪಾಳೆಯನ್ನು ನೆನೆಯುತ್ತ, ಒಂದೇ ಉಸಿರಿಗೆ ಎಳೆದದ್ದು. ಅದರ ನೆತ್ತಿ ಚೂಪಿತ್ತೋ ಮೊಂಡಿತ್ತೋ, ಯಾವ ಬದಿಗೆ ಇಳಿದಿತ್ತೋ, ನಾನು ನೋಡಿಯೇ ಇರಲಿಲ್ಲ. ಒಬ್ಬ ಹೆಂಗಸಿನ ಅಕ್ಕನನ್ನು ತಪ್ಪಿಸಿದ ಗುಡ್ಡವನ್ನು ನಾನು ಸರಿಯಾಗಿ ನೋಡಿಯೂ ಇರಲಿಲ್ಲ ಎಂಬುದು ಆಗ ತಿಳಿದು, ಕೈ ಹಲಗೆಯ ಮುಂದೆ ಹಾಗೇ ನಿಂತಿತು.

ಬಾಳವ್ವ ಸ್ಟೂಲನ್ನು ಹತ್ತಿರ ಎಳೆದುಕೊಂಡಳು. ಅಷ್ಟು ಎತ್ತರ ಬೇಡ ಎಂದಳು. ಬಲಗಡೆ ಜರಿದಿದೆ, ಅಲ್ಲಿ ಕಲ್ಲು ತೆಗೆದಿದ್ದಾರೆ, ಆ ಮುದುಕಿಯ ಮಕ್ಕಳು ಅಲ್ಲಿಗೇ ಕೆಲಸಕ್ಕೆ ಹೋಗುತ್ತಾರಂತೆ ಎಂದಳು. ಹಿತ್ತಲಿನಿಂದ ನೋಡಿದರೆ ಅದು ನೀಲಿಯಲ್ಲ, ಕೆಂಪು ಮಣ್ಣು, ಹುಲ್ಲಿಲ್ಲ. ಬುಡದಲ್ಲಿ ಮಂಜೂ ಇರಲಿಲ್ಲ, ಕಲ್ಲಿನ ಪುಡಿಯ ಧೂಳು. ಅದರಿಂದಲೇ ಮುದುಕಿಗೆ ಕೆಮ್ಮು. ನಾನು ಅವಳು ಹೇಳಿದಂತೆ ಬರೆದೆ. ಒಂದು ಗೆರೆಯನ್ನೂ ನನ್ನದಾಗಿ ಎಳೆಯಲಿಲ್ಲ. ಗುಡ್ಡ ಚಂದ ಕಾಣಲಿಲ್ಲ, ಇದಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಮಕ್ತುಂಸಾಬ್ ಬಂದು ನೋಡಿ ಹಳಿ ಒರೆಸಲು ಹೋದ.

"ಆ ಮುದುಕಿ ಹೆಸರೇನಕ್ಕಾ?" ಎಂದು ಕೇಳಿದೆ. ಕೆಲಸದ ನಡುವೆ ಸುಮ್ಮನೆ ಕೇಳಿದ್ದು.

ಬಾಳವ್ವ ಹಲಗೆಯಿಂದ ಕಣ್ಣು ತೆಗೆಯಲಿಲ್ಲ.

"ಗೊತ್ತಿಲ್ಲೋ. ಹೆಂಗ ಕೇಳ್ಲಿ? ತಂಗಿ ಆದಾಕಿ ಅಕ್ಕನ ಹೆಸರ ಕೇಳ್ತಾಳೇನು?"

ಕಲ್ಲು ತೆಗೆದ ಜಾಗಕ್ಕೆ ಬಣ್ಣ ಸಾಲದಾಗಿತ್ತು, ಇನ್ನಷ್ಟು ಕೆಂಪು ಕಲಸಿದೆ.